ಅರಗಿನ ತಟ್ಟೆ ಮತ್ತು ಹೆಸರಿಲ್ಲದ ಟ್ರಂಪೆಟ್

ರಾಜಾಜಿನಗರಕ್ಕೆ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ್ದು 1949ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂಕಾಲು ಚಿಲ್ಲರೆ ಸುತ್ತು ತಿರುಗುವ ವಿನೈಲ್ ಎಲ್‌ಪಿಯನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅಂದರೆ ನಮ್ಮ ಬಡಾವಣೆಗೂ ಎಲ್‌ಪಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು! ಇದು ಸುಮ್ಮನೆ ತಮಾಷೆಗೆ ಹೇಳಿದ್ದು ಬಿಡಿ. ಈಗ ಬರೆಯಹೊರಟಿರೋದು ನಮ್ಮ ಮನೆಯಲ್ಲಿ ಈಚೆಗೆ ಪದೇ ಪದೇ ತಿರುಗುತ್ತಿರುವ ಒಂದು ಎಲ್‌ಪಿ ಬಗ್ಗೆ. ಹೆಸರು 'ಜಾಝ್ ಅಂಡ್ ಹಾಟ್ ಡಾನ್ಸ್ ಇನ್ ಇಂಡಿಯಾ, 1926-1944'. ಇಂಗ್ಲೆಂಡಿನ ಹಾರ್ಲೆಕ್ವಿನ್ ಅನ್ನುವ ಸಣ್ಣ ಕಂಪನಿ 1980ರ ದಶಕದಲ್ಲಿ ತಂದದ್ದು. ಕಲ್ಕತ್ತಾ, ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಬ್ಯಾಂಡುಗಳ ಹಳೆಯ 78 ವೇಗದ ತಟ್ಟೆಗಳನ್ನು ಹುಡುಕಿ ಒಂದೆಡೆ ಸೇರಿಸಿದ್ದಾರೆ.

ಕನ್ನಡ ಬ್ಲಾಗಲ್ಲಿ ಇದೆಲ್ಲ ಯಾಕಪ್ಪಾ ಅಂತ ಗೊಣಗಬೇಡಿ. 'ಜೇಡರ ಬಲೆ'ಗೆ ಬಂದೇ ಬರ್ತೀನಿ.

ಸ್ವಿಂಗ್ ಅಂದರೆ ದೊಡ್ಡ ಬ್ಯಾಂಡಿನ ಕುಣಿತದ ಸಂಗೀತ. ಹದಿನಾಲ್ಕು ಹದಿನೈದು ಜನ. ಮುಂದೆ ಸ್ಯಾಕ್ಸೊಫೋನಿನ ಸಾಲು, ಹಿಂದೆ ಟ್ರಂಪೆಟ್, ಟ್ರಾಂಬೋನ್. ಪಕ್ಕದಲ್ಲಿ ಪಿಯಾನೋ, ಗಿಟಾರ್, ಬಾಸ್, ಡ್ರಮ್. ಒಂದು ಸಾಲು ಕೇಳುತ್ತೆ, ಇನ್ನೊಂದು ಉತ್ತರ ಕೊಡುತ್ತೆ, ನಮ್ಮ ಕಛೇರಿಯಲ್ಲಿ ಮೃದಂಗ-ಘಟ ಮಾಡುವ ಹಾಗೆ. ಬಹುಪಾಲು ಮೊದಲೇ ಬರೆದಿಟ್ಟದ್ದು. ನಡುವೆ ಒಬ್ಬೊಬ್ಬರು ಎದ್ದು ನಿಂತು ಒಂದಿಷ್ಟು ಹೊತ್ತು ಮನೋಧರ್ಮ ತೋರಿಸಿ ಕೂರುತ್ತಾರೆ. 1935ರಲ್ಲಿ ಬೆನ್ನಿ ಗುಡ್‌ಮನ್‌ನಿಂದ ಅಮೆರಿಕದಲ್ಲಿ ಇದರ ಹುಚ್ಚು ಹೊತ್ತಿಕೊಂಡಿತು. ಅದೇ ವರ್ಷ ಲಿಯಾನ್ ಆಬಿಯ ಕಪ್ಪು ವಾದಕರ ತಂಡ ಬೊಂಬಾಯಿಯ ತಾಜ್ ಹೋಟೆಲಿಗೆ ಬಂತು. ನಮ್ಮವರು ಎಷ್ಟೋ ವರ್ಷ ತಡವಾಗಿ ಕೇಳಿದರು ಅನ್ನೋದು ಸುಳ್ಳು.

ಈ ಸಂಗೀತ ನಿಂತಿದ್ದು ನಮ್ಮ ಅರಗಿನ ಮೇಲೆ, ಗೊತ್ತಾ? ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗು, ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಬಣ್ಣ ಹಿಡಿಸುವ ಅದೇ ಅರಗು. ಮುತ್ತುಗದಂಥ ಮರಗಳ ಮೇಲೆ ಕೂರುವ ಒಂದು ಸಣ್ಣ ಹುಳು ಅದನ್ನು ಒಸರುತ್ತದೆ. ಅದನ್ನು ಸೋಸಿ ಮಾಡಿದ ಶೆಲ್ಯಾಕ್‌ಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದರೆ 78ರ ತಟ್ಟೆ. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಯುದ್ಧ ಬಂದು ಹಡಗುಗಳಿಗೆ ಕುತ್ತಾದಾಗ, 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡುಗಳಿಗೆ ಬಳಸುವ ಶೆಲ್ಯಾಕ್‌ನಲ್ಲಿ ಶೇ. 70ರಷ್ಟು ಕಡಿತ ಹಾಕಿತು. ಕಂಪನಿಗಳು ಜನರಿಂದ ಹಳೆಯ ತಟ್ಟೆಗಳನ್ನು ಕೊಂಡು ಪುಡಿಮಾಡಿ ಹೊಸದು ಒತ್ತಿದವು. ಸೈನಿಕರಿಗೆ ಕಳಿಸುವ ವಿ-ಡಿಸ್ಕ್‌ಗಳನ್ನು 1943ರಿಂದ ವಿನೈಲಿನಲ್ಲೇ ಮಾಡಿದರು. ಅದೇ 1943ರಲ್ಲಿ ನಮ್ಮ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೋ ಆಗಿತ್ತು ಅನ್ನೋದು ನಮ್ಮೂರಿನವರಿಗೇ ಮರೆತುಹೋಗಿದೆ.

ಎಲ್‌ಪಿಗೆ ವಾಪಸ್ ಬರೋಣ. ಇದರಲ್ಲಿ ಟೆಡ್ಡಿ ವೆದರ್‌ಫರ್ಡ್ ಇದ್ದಾನೆ. ಅಮೆರಿಕದ ಪಿಯಾನೋ ವಾದಕ, ಶಾಂಘೈ ಸುತ್ತಿ, ತಾಜ್‌ನಲ್ಲಿ ನುಡಿಸಿ, ಕೊನೆಗೆ ಕಲ್ಕತ್ತಾದ ಗ್ರಾಂಡ್ ಹೋಟೆಲಿಗೆ ಬಂದು ನೆಲೆಸಿದವನು. 1945ರಲ್ಲಿ ಅಲ್ಲೇ ಕಾಲರಾದಿಂದ ಸತ್ತ. ಗೋವಾದ ಅಂಟೋನಿಯೊ ಝೇವಿಯರ್ ವಾಝ್ ಇದ್ದಾನೆ. ಈ ಹೆಸರು ಕೇಳಿರಲಿಕ್ಕಿಲ್ಲ, 'ಚಿಕ್ ಚಾಕೊಲೇಟ್' ಅಂದರೆ ಕೆಲವರಿಗಾದರೂ ಹೊಳೆಯಬಹುದು. ಸಿ. ರಾಮಚಂದ್ರ ಅವರ 'ಅಲ್ಬೇಲಾ' (1951) ಚಿತ್ರದಲ್ಲಿ ತನ್ನ ಬ್ಯಾಂಡಿನೊಂದಿಗೆ ತೆರೆಯ ಮೇಲೂ ಬಂದವನು. ಸ್ವಾತಂತ್ರ್ಯ ಬಂದ ಮೇಲೆ ದೊರೆಗಳೂ ಸೈನಿಕರೂ ಹೋದರು, ಹೋಟೆಲಿನ ಕೆಲಸ ಕಮ್ಮಿಯಾಯ್ತು. ಗೋವಾದ ವಾದಕರು ಸಾಲುಸಾಲಾಗಿ ಸಿನಿಮಾ ಸ್ಟುಡಿಯೋ ಸೇರಿದರು. ಲಾಹೋರಿನಲ್ಲಿ ಬ್ಯಾಂಡ್ ನಡೆಸಿದ್ದ ಸೆಬಾಸ್ಟಿಯನ್ ಡಿಸೋಜಾ ಶಂಕರ್-ಜೈಕಿಶನ್‌ರ ವಾದ್ಯಸಂಯೋಜಕರಾದರು. 'ನಮ್ಮ ಹಿಂದಿ ಹಾಡು' ಅಂತ ನಾವು ಗುನುಗುವುದರ ಅರ್ಧ ಸೊಗಸು ಇವರದ್ದು ಅಂತ ನನ್ನ ವಾದ. ಒಪ್ಪದವರು ಜಗಳಕ್ಕೆ ಬರಬಹುದು.

ಆದರೆ ಹಳೆಯ ತಟ್ಟೆಯ ಮೇಲೆ ಬ್ಯಾಂಡಿನ ನಾಯಕನ ಹೆಸರು ಬಿಟ್ಟರೆ ಉಳಿದವರ ಹೆಸರಿಗೆ ಜಾಗ ಇರುತ್ತಿರಲಿಲ್ಲ. ಯಾರು ಟ್ರಂಪೆಟ್ ಊದಿದರು, ಯಾವ ಊರು, ಯಾವ ತಿಂಗಳು, ಇದನ್ನೆಲ್ಲ ಹುಡುಕಿ ಕವರಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚುಮಾಡೋದು ಇಂಥ ಸಂಕಲನಗಳ ಪದ್ಧತಿ. ಗೌಹರ್ ಜಾನ್ ಜಾಣೆ. 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದಾಗ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು, ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಗೊತ್ತಾಗಲಿ ಅಂತ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಅರಮನೆಯ ಆಶ್ರಯ, ಕೊನೆಗಾಲದ ಒಂಟಿತನ. ಹೆಸರು ಮಾತ್ರ ತಟ್ಟೆಯಲ್ಲಿ ಉಳಿಯಿತು. ಬಾಯಲ್ಲಿ ಟ್ರಂಪೆಟ್ ಇಟ್ಟುಕೊಂಡವನು ಹೆಸರು ಹೇಳೋದು ಹ್ಯಾಗೆ?

ಈಗ 'ಜೇಡರ ಬಲೆ'. 1968, ದೊರೈ-ಭಗವಾನ್, ಅಣ್ಣಾವ್ರು ಸಿಐಡಿ 999, ಜಿ.ಕೆ. ವೆಂಕಟೇಶ್ ಸಂಗೀತ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆ ಚಿತ್ರಗಳಲ್ಲಿ ಹಿತ್ತಾಳೆ ವಾದ್ಯಗಳು ಗರ್ಜಿಸುವಾಗ ಕೇಳಿ, ಸ್ವಿಂಗ್ ಬ್ಯಾಂಡಿನ ಮೊಮ್ಮಕ್ಕಳು ಅಂತ ಗೊತ್ತಾಗುತ್ತೆ. ಆಗ ನಮ್ಮ ಹಾಡುಗಳು ಮುದ್ರಣವಾಗುತ್ತಿದ್ದದ್ದು ಮದರಾಸಿನಲ್ಲಿ. ಲೇಬಲ್ಲಿನ ಮೇಲೆ ಚಿತ್ರ, ಗಾಯಕರು, ಸಾಹಿತ್ಯ, ಸಂಗೀತ, ಅಷ್ಟೇ. ವೆಂಕಟೇಶ್ ಅವರ ಬಳಿ 1970ರ ದಶಕದಲ್ಲಿ ಸಹಾಯಕನಾಗಿ ದುಡಿದ ಒಬ್ಬ ಹುಡುಗನ ಹೆಸರು ನಮಗೆ ಗೊತ್ತು, ಯಾಕಂದ್ರೆ ಆತ ಮುಂದೆ ಇಳಯರಾಜ ಆದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು?

ಬೊಂಬಾಯಿಯವರ ಪಾಲಿಗೆ ನರೇಶ್ ಫರ್ನಾಂಡಿಸ್ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' ಅನ್ನುವ ಇಡೀ ಪುಸ್ತಕ ಬರೆದರು. ನಮ್ಮ ಪಾಲಿಗೆ ಇನ್ನೂ ಒಂದು ಪಟ್ಟಿ ಕೂಡ ಇಲ್ಲ. ನಾನೊಂದು ಎಕ್ಸರ್‌ಸೈಜ್ ಪುಸ್ತಕ ಇಟ್ಟಿದ್ದೇನೆ: ಎಡಪುಟದಲ್ಲಿ ಹಾಡು, ಬಲಪುಟದಲ್ಲಿ ಹಿತ್ತಾಳೆ ವಾದ್ಯ ಎಲ್ಲಿ ಬರುತ್ತೆ ಅನ್ನೋ ಗುರುತು, ಅದರ ಕೆಳಗೆ ಹೆಸರಿಗೆ ಒಂದು ಖಾಲಿ ಗೆರೆ. ವಿಜಯನಗರ, ಬಸವೇಶ್ವರನಗರದ ಕಡೆ ಯಾರ ಮನೆ ಅಟ್ಟದಲ್ಲಾದರೂ ಆ ಕಾಲದ 45ರ ತಟ್ಟೆಗಳಿದ್ದರೆ, ಅಥವಾ ಮದರಾಸಿನ ಸ್ಟುಡಿಯೋದಲ್ಲಿ ಊದುತ್ತಿದ್ದ ಚಿಕ್ಕಪ್ಪನೋ ಮಾವನೋ ಇದ್ದರೆ, ಒಂದು ಸಾಲು ಬರೆದು ತಿಳಿಸಿ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೀನಿ.