ಕೇಸು ಯಾರದು? ಅಪರಾಧ ಕಾನೂನು ನಡೆದುಬಂದ ದಾರಿ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ, ಅದರ ವಾರಿಗೆಯದೇ ಆದ ಇನ್ನೊಂದನ್ನು ನೆನೆಯಬೇಕೆನಿಸುತ್ತದೆ. ಶಾಲೆ ಕಣ್ಣುಬಿಟ್ಟ ಆಸುಪಾಸಿನಲ್ಲೇ, 1974ರ ಏಪ್ರಿಲ್ 1ರಂದು, ದೇಶದಲ್ಲಿ ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂತು. ಪೊಲೀಸರು ಯಾರನ್ನು ಹೇಗೆ ಬಂಧಿಸಬೇಕು, ದೂರನ್ನು ಹೇಗೆ ಬರೆದುಕೊಳ್ಳಬೇಕು, ಕೋರ್ಟಿನಲ್ಲಿ ಕೇಸು ಯಾರು ನಡೆಸಬೇಕು ಎಂಬುದನ್ನೆಲ್ಲ ಹೇಳುತ್ತಿದ್ದ ಕಾನೂನು ಅದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಐದೇ ತಿಂಗಳಾಗಿತ್ತು. ಐವತ್ತು ವರ್ಷ ಮೂರು ತಿಂಗಳು ಬಾಳಿದ ಆ ಸಂಹಿತೆ 2024ರ ಜೂನ್ 30ಕ್ಕೆ ಕೊನೆಗೊಂಡು, ಮರುದಿನದಿಂದ ಹೊಸ ಕಾನೂನು ಬಂತು.

ನಾನು ವಕೀಲನಲ್ಲ. ಇದೇ ಶಾಲೆಯಲ್ಲಿ ಕಲಿತು, ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ನಮ್ಮ ಕೆಲಸದಲ್ಲಿ ಹಳೆಯ ಪ್ರೋಗ್ರಾಂ ತಿದ್ದುವ ಮುನ್ನ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: ಈ ಸಾಲನ್ನು ಹಿಂದಿನವರು ಯಾಕೆ ಬರೆದರು, ಯಾವ ತೊಂದರೆ ತಪ್ಪಿಸಲು ಬರೆದರು? ಕಾನೂನಿನ ಮಟ್ಟಿಗೂ ಅದೇ ಪ್ರಶ್ನೆ ಕೇಳಿದರೆ ಒಂದು ಒಳ್ಳೆಯ ಚರಿತ್ರೆಯ ಪಾಠವೇ ಸಿಗುತ್ತದೆ.

ನಾನು ಹಿಡಿದುಕೊಂಡಿರುವ ಎಳೆ ಒಂದೇ. ನಮ್ಮೂರಿನಲ್ಲಿ ಯಾರದೋ ತಲೆ ಒಡೆದು ಕೇಸಾಯಿತು ಎಂದುಕೊಳ್ಳಿ. ಕೋರ್ಟಿನ ಕಾಗದದಲ್ಲಿ ಪೆಟ್ಟು ತಿಂದವನ ಹೆಸರು ಮೇಲೆ ಇರುವುದಿಲ್ಲ. ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’ ಎಂದು ಇರುತ್ತದೆ. ಪೆಟ್ಟು ತಿಂದು ದೂರು ಕೊಟ್ಟವನು ಸಾಮಾನ್ಯವಾಗಿ ಒಂದನೇ ಸಾಕ್ಷಿ, ಅಷ್ಟೆ. ಹಾಗಾದರೆ ಕೇಸು ಯಾರದು?

ವಾರಸುದಾರರಿಂದ ಸರ್ಕಾರಕ್ಕೆ

1790ಕ್ಕೆ ಹೋಗೋಣ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವಿದ್ದರೂ ಅಪರಾಧಗಳ ವಿಚಾರಣೆ ಇಸ್ಲಾಮಿಕ್ ನ್ಯಾಯಶಾಸ್ತ್ರದಂತೆ ನಡೆಯುತ್ತಿತ್ತು. ಕೊಲೆಯಾದರೆ ಶಿಕ್ಷೆ ಬೇಡುವ, ಕ್ಷಮಿಸುವ, ಇಲ್ಲವೇ ಪರಿಹಾರದ ಹಣ ಪಡೆದು ಬಿಟ್ಟುಬಿಡುವ ಅಧಿಕಾರ ಸತ್ತವನ ವಾರಸುದಾರರಿಗೆ ಇತ್ತು. ನೊಂದ ಮನೆಯವರ ಮಾತಿಗೆ ಬೆಲೆ ಕೊಡುವ ಏರ್ಪಾಡು ಅದು. ಆದರೆ ಬಡವರ ಮನೆಯವರನ್ನು ಹೆದರಿಸಿಯೋ ಹಣ ತೋರಿಸಿಯೋ ಬಾಯಿ ಮುಚ್ಚಿಸಲು ಬಲಾಢ್ಯರಿಗೆ ಅದರಲ್ಲಿ ದಾರಿಯೂ ಇತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1790ರಲ್ಲಿ ವಾರಸುದಾರರ ಈ ಅಧಿಕಾರವನ್ನು ತೆಗೆದುಹಾಕಿದ. ಮರುವರ್ಷ ಕೈಕಾಲು ಕತ್ತರಿಸುವ ಶಿಕ್ಷೆಗೆ ಬದಲಾಗಿ ಸೆರೆವಾಸ ಬಂತು. ಅಲ್ಲಿಂದ ಕೊಲೆ ಎಂಬುದು ಒಂದು ಮನೆಯ ದುಃಖವಷ್ಟೇ ಆಗದೆ ಸರ್ಕಾರದ ವಿರುದ್ಧ ನಡೆದ ತಪ್ಪೂ ಆಯಿತು.

ಸಮಾಜ ವಿಜ್ಞಾನದ ಪಾಠದಲ್ಲಿ ಮೆಕಾಲೆಯ ಹೆಸರನ್ನು ಇಂಗ್ಲಿಷ್ ಶಿಕ್ಷಣದ ಜೊತೆ ಓದಿದ್ದೇವೆ. ಅದೇ ಮೆಕಾಲೆ ಭಾರತದ ಮೊದಲ ಕಾನೂನು ಆಯೋಗದ ಅಧ್ಯಕ್ಷನೂ ಆಗಿದ್ದ. ಅವನ ತಂಡ 1837ರಲ್ಲಿ ದಂಡ ಸಂಹಿತೆಯ ಕರಡು ಒಪ್ಪಿಸಿತು. ಕರಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. 1857ರ ದಂಗೆ ಮುಗಿದು ರಾಣಿಯ ಆಳ್ವಿಕೆ ಬಂದ ಮೇಲೆ, 1860ರಲ್ಲಿ ಕಾಯ್ದೆಯಾಗಿ, 1862ರ ಜನವರಿ 1ರಿಂದ ಜಾರಿಯಾಯಿತು. ಅದನ್ನು ನೋಡಲು ಮೆಕಾಲೆ ಇರಲಿಲ್ಲ. 1859ರ ಕೊನೆಯಲ್ಲೇ ತೀರಿಕೊಂಡಿದ್ದ. ಆ 511 ಕಲಮುಗಳ ಪೈಕಿ ಒಂದು ನಮ್ಮ ಆಡುಮಾತಿಗೇ ಸೇರಿಹೋಗಿದೆ. ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎಂದು ಬೈಯುತ್ತೇವಲ್ಲ, ಅದು ವಂಚನೆಯ 420ನೇ ಕಲಮು. ಹೊಸ ಕಾನೂನಿನಲ್ಲಿ ಅದರ ಸಂಖ್ಯೆ 318. ಬೈಗುಳ ಮಾತ್ರ ಬದಲಾಗಲಿಕ್ಕಿಲ್ಲ.

1861ರಲ್ಲಿ ಪೊಲೀಸ್ ಕಾಯ್ದೆಯೂ ಮೊದಲ ದಂಡ ಪ್ರಕ್ರಿಯಾ ಸಂಹಿತೆಯೂ ಬಂದವು. 1872ರಲ್ಲಿ ಸಾಕ್ಷ್ಯ ಅಧಿನಿಯಮ ಬಂತು. ಇವುಗಳಲ್ಲಿ ಒಂದು ಸಾಲು ಇಂದಿಗೂ ಉಳಿದಿದೆ: ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಯಾಕೆ ಹೀಗೆ? ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಸಲಿಕ್ಕಾಗಿಯೂ ಜನರನ್ನು ಹಿಂಸಿಸುವುದು ನಡೆದಿದೆ ಎಂದು ಮದ್ರಾಸ್ ಪ್ರಾಂತ್ಯದ ವಿಚಾರಣಾ ಆಯೋಗ 1855ರಲ್ಲೇ ವರದಿ ಕೊಟ್ಟಿತ್ತು. ಬಳ್ಳಾರಿ, ಮಂಗಳೂರು ಸೀಮೆಗಳೂ ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಲಾಠಿಯಿಂದ ಬಂದ ಮಾತನ್ನು ಸತ್ಯವೆಂದು ನಂಬಬಾರದು ಎಂಬ ಅರಿವಿನಿಂದ ಹುಟ್ಟಿದ ಸಾಲು ಅದು.

ಆದರೂ ಒಂದು ಕೊರತೆ ಉಳಿಯಿತು. ಕೆಳಹಂತದ ಕೋರ್ಟುಗಳಲ್ಲಿ ಅನೇಕ ಕಡೆ ಸರ್ಕಾರದ ಪರ ಕೇಸು ನಡೆಸುತ್ತಿದ್ದವರೂ ಪೊಲೀಸರೇ. ಹಿಡಿದವರೂ ಅವರೇ, ತನಿಖೆ ಮಾಡಿದವರೂ ಅವರೇ, ವಾದಿಸುವವರೂ ಅವರೇ. ತನಿಖೆಯಲ್ಲಿ ಲೋಪವಿದ್ದರೆ ‘ಇದು ನಿಲ್ಲುವುದಿಲ್ಲ’ ಎಂದು ಹೇಳುವ ಬೇರೆ ಮನುಷ್ಯ ನಡುವೆ ಇರಲಿಲ್ಲ.

1974ರ ಬದಲಾವಣೆ

ಸ್ವಾತಂತ್ರ್ಯದ ಬಳಿಕ 1955ರಲ್ಲಿ ಎಂ.ಸಿ. ಸೆಟಲ್ವಾಡ್ ಅವರ ಅಧ್ಯಕ್ಷತೆಯಲ್ಲಿ ಕಾನೂನು ಆಯೋಗ ರಚನೆಯಾಯಿತು. 1958ರ ತನ್ನ 14ನೇ ವರದಿಯಲ್ಲಿ ಆಯೋಗ, ಕೇಸು ನಡೆಸುವವರು ಪೊಲೀಸ್ ಇಲಾಖೆಯಿಂದ ಬೇರೆಯಾಗಿರಬೇಕು ಎಂದು ಹೇಳಿತು. 1974ರ ಸಂಹಿತೆ ಅದನ್ನು ಒಪ್ಪಿಕೊಂಡಿತು. ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೆ ಸಹಾಯಕ ಸರ್ಕಾರಿ ಅಭಿಯೋಜಕರು ಬಂದರು. ಪೊಲೀಸ್ ಅಧಿಕಾರಿಗೆ ಆ ಹುದ್ದೆ ಇಲ್ಲವೆಂದಾಯಿತು. ಯಾರೂ ಸಿಗದಾಗ ಮಾತ್ರ, ಆ ತನಿಖೆಯಲ್ಲಿ ಭಾಗಿಯಾಗಿರದ, ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಅವಕಾಶವಿತ್ತು. ಕಂದಾಯದ ಅಧಿಕಾರಿಗಳ ಕೈಯಲ್ಲಿದ್ದ ಅಪರಾಧ ವಿಚಾರಣೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರ ಕೈಗೆ ಬಂದದ್ದೂ ದೇಶಕ್ಕೆಲ್ಲ ಅನ್ವಯಿಸುವಂತೆ ಆಗಲೇ.

ಬರೆದದ್ದೆಲ್ಲ ಕೂಡಲೇ ನಡೆಯಲಿಲ್ಲ. ಅಭಿಯೋಜಕರನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬಿಡಿಸಿ ಪ್ರತ್ಯೇಕ ವೃಂದ ಮಾಡಿ ಎಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾದದ್ದು 1995ರಲ್ಲಿ. ರಾಜ್ಯಗಳಲ್ಲಿ ಅಭಿಯೋಜನಾ ನಿರ್ದೇಶನಾಲಯ ಇರಬಹುದೆಂಬ ಕಲಮು ಸಂಹಿತೆಗೆ ಸೇರಿದ್ದು 2005ರ ತಿದ್ದುಪಡಿಯಲ್ಲಿ.

ಒಬ್ಬ ತಂದೆಯ ಅರ್ಜಿ

ಅಭಿಯೋಜಕರು ಸ್ವತಂತ್ರರಾಗಿರಬೇಕು ಎಂಬ ಮಾತಿನ ತೂಕ ನಮ್ಮ ರಾಜ್ಯಕ್ಕೆ ಗೊತ್ತಾದದ್ದು 2000ನೇ ಇಸವಿಯಲ್ಲಿ. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ನಾವಾಗ ಪ್ರೈಮರಿ ಶಾಲೆಯ ಮಕ್ಕಳು. ಅಣ್ಣಾವ್ರು ಯಾವಾಗ ಬರುತ್ತಾರೆ ಎಂಬುದೊಂದೇ ಎಲ್ಲರ ಬಾಯಲ್ಲಿದ್ದ ಮಾತು. ತೆರೆಯ ಹಿಂದೆ ಕೋರ್ಟಿನಲ್ಲಿ ಏನು ನಡೆಯಿತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ವೀರಪ್ಪನ್ ಸಹಚರರೆಂಬ ಆರೋಪದ ಮೇಲೆ ಟಾಡಾ ಕಾಯ್ದೆಯಡಿ ಮೈಸೂರಿನಲ್ಲಿ ಬಂಧನದಲ್ಲಿದ್ದವರನ್ನು ಬಿಡಬೇಕು ಎಂಬುದು ಅಪಹರಣಕಾರರ ಬೇಡಿಕೆಗಳಲ್ಲಿ ಒಂದು. ರಾಜ್‌ಕುಮಾರ್ ಅವರಿಗೆ ಏನಾದರೂ ಆದರೆ ರಾಜ್ಯವೇ ಹೊತ್ತಿ ಉರಿಯಬಹುದೆಂಬ ಭಯ ಸರ್ಕಾರಕ್ಕಿತ್ತು. ಅಭಿಯೋಜಕರು ಕೋರ್ಟಿನ ಒಪ್ಪಿಗೆ ಪಡೆದು ಮೊಕದ್ದಮೆಯಿಂದ ಹಿಂದೆ ಸರಿಯಬಹುದು ಎಂದು ಸಂಹಿತೆಯ 321ನೇ ಕಲಮು ಹೇಳುತ್ತಿತ್ತು. ಅದರಂತೆ ಟಾಡಾ ಆರೋಪಗಳನ್ನು ಕೈಬಿಡಲು ಅರ್ಜಿ ಹಾಕಲಾಯಿತು. ಆಗಸ್ಟಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತು.

ಆಗ ಎದ್ದು ನಿಂತವರು ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರಲ್ಲಿ ವೀರಪ್ಪನ್ ತಂಡ ಹೊಂಚುಹಾಕಿ ನಡೆಸಿದ ದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ ಅವರೊಂದಿಗೆ ಪ್ರಾಣ ಕೊಟ್ಟಿದ್ದರು. ಇಡೀ ನಾಡು ಒಂದು ಕಡೆ ಕಾಯುತ್ತಿದ್ದಾಗ ಈ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟ್ ಕೆಳಗಿನ ಆದೇಶವನ್ನು ರದ್ದುಮಾಡಿತು. ಸರ್ಕಾರ ಹೇಳಿತೆಂದು ಅಭಿಯೋಜಕರು ಹಿಂದೆ ಸರಿಯುವಂತಿಲ್ಲ, ದಾಖಲೆಗಳನ್ನು ನೋಡಿ ಸ್ವಂತ ವಿವೇಚನೆಯಿಂದ ಸಾರ್ವಜನಿಕ ಹಿತವನ್ನು ತೂಗಬೇಕು, ಒಪ್ಪಿಗೆ ಕೊಡುವ ನ್ಯಾಯಾಲಯವೂ ಹಾಗೆಯೇ ಮಾಡಬೇಕು ಎಂಬುದು ತೀರ್ಪಿನ ಸಾರ. ಅದಾಗಿ ಒಂದು ವಾರಕ್ಕೆ, ನವೆಂಬರ್ 15ರಂದು, 108 ದಿನಗಳ ಸೆರೆಯ ನಂತರ ರಾಜ್‌ಕುಮಾರ್ ಬಿಡುಗಡೆಯಾದರು. ನಾವು ಆ ದಿನದ ಸಂಭ್ರಮವನ್ನು ನೆನಪಿಟ್ಟುಕೊಂಡಿದ್ದೇವೆ. ಆ ತಂದೆಯನ್ನೂ ನೆನಪಿಟ್ಟುಕೊಳ್ಳಬೇಕು. ಕೇಸು ಸರ್ಕಾರದ್ದೇ ಆದರೂ, ಸರ್ಕಾರ ತನಗೆ ಬೇಕಾದಾಗ ಬಿಟ್ಟುಕೊಡಬಹುದಾದ ಸ್ವತ್ತಲ್ಲ ಎಂದು ತೋರಿಸಿದವರು ಅವರು.

ಮಳಿಮಠ ಸಮಿತಿ ಮತ್ತು ಸಾಕ್ಷಿಗಳ ಭಯ

ಅದೇ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ, ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. 2003ರಲ್ಲಿ ಬಂದ ಅವರ ವರದಿ ನೊಂದವರ ಪರವಾಗಿ ಗಟ್ಟಿಯಾಗಿ ಮಾತಾಡಿತು: ಅವರಿಗೆ ವಿಚಾರಣೆಯಲ್ಲಿ ಭಾಗವಹಿಸುವ ಹಕ್ಕಿರಲಿ, ಮೇಲ್ಮನವಿಯ ಹಕ್ಕಿರಲಿ, ಸಾಕ್ಷಿಗಳಿಗೆ ರಕ್ಷಣೆ ಇರಲಿ. ಅದರ ಜೊತೆಗೆ ಆರೋಪ ಸಾಬೀತಿನ ಅಳತೆಯನ್ನು ಸಡಿಲಿಸುವ, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುವ ಸಲಹೆಗಳೂ ಇದ್ದವು. ಬಡವರು ನಿರಪರಾಧಿಗಳಾಗಿಯೂ ಜೈಲು ಸೇರುತ್ತಾರೆಂದು ಇವಕ್ಕೆ ಬಲವಾದ ವಿರೋಧ ಬಂತು. ಸಂಸತ್ತು ಇವೆರಡನ್ನೂ ಸಾಮಾನ್ಯ ಕಾನೂನಾಗಿಸಲಿಲ್ಲ. 1855ರ ವರದಿಯನ್ನು ನೆನೆದರೆ ಅದು ಒಳ್ಳೆಯದೇ ಆಯಿತು ಎಂದು ನನ್ನ ಅನಿಸಿಕೆ.

ಸಾಕ್ಷಿ ರಕ್ಷಣೆ ಯಾಕೆ ಬೇಕೆಂಬುದಕ್ಕೆ ದೂರ ಹೋಗಬೇಕಿಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದದ್ದು ನಿಜ. ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. ಕೇಸು ಎಷ್ಟೇ ಸರ್ಕಾರದ್ದಾದರೂ, ಕೊನೆಗೆ ಅದು ನಿಲ್ಲುವುದು ಅದೇ ಊರಿನಲ್ಲಿ, ಅದೇ ಜನರ ನಡುವೆ ಬದುಕಬೇಕಾದ ಒಬ್ಬ ಸಾಮಾನ್ಯ ಮನುಷ್ಯನ ಬಾಯಿಮಾತಿನ ಮೇಲೆ. ದೇಶಕ್ಕೆಲ್ಲ ಒಂದು ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ ಜಾರಿ ಮಾಡಿಸಿದ್ದು 2018ರ ಡಿಸೆಂಬರ್‌ನಲ್ಲಿ.

ನೊಂದವರು ಮರಳಿ ಬಂದದ್ದು

2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ನೊಂದವರಿಗೆ ಸಂಹಿತೆಯಲ್ಲಿ ಮೊದಲ ಬಾರಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಆರೋಪಿ ಖುಲಾಸೆಯಾದರೆ ಅವರೇ ಮೇಲ್ಮನವಿ ಹಾಕಬಹುದು. ಕೋರ್ಟಿನ ಅನುಮತಿಯಿಂದ ಅಭಿಯೋಜಕರಿಗೆ ನೆರವಾಗಲು ತಮ್ಮ ವಕೀಲರನ್ನು ಇಟ್ಟುಕೊಳ್ಳಬಹುದು. ಪರಿಹಾರ ಯೋಜನೆಯೂ ಆಗಲೇ ಬಂತು.

2024ರ ಜುಲೈ 1ರಿಂದ ಮೂರು ಹಳೆಯ ಕಾನೂನುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಇನ್ನು ಮುಂದೆ ಮೊಕದ್ದಮೆ ಹಿಂತೆಗೆದುಕೊಳ್ಳುವ ಮುನ್ನ ನ್ಯಾಯಾಲಯ ನೊಂದವರ ಮಾತು ಕೇಳಲೇಬೇಕು. ಅಬ್ದುಲ್ ಕರೀಂ ದೆಹಲಿಯವರೆಗೆ ಹೋಗಿ ಹೇಳಬೇಕಾಗಿದ್ದ ಮಾತಿಗೆ ಈಗ ಮೊದಲ ಕೋರ್ಟಿನಲ್ಲೇ ಜಾಗವಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ರಾಜ್ಯಗಳು ಐದು ವರ್ಷದೊಳಗೆ ಇದಕ್ಕೆ ಸಜ್ಜಾಗಬೇಕು. ಶೋಧನೆಯ ವೀಡಿಯೊ ಚಿತ್ರೀಕರಣ ಆಗಬೇಕು. ಮೊಬೈಲು, ಸಿಸಿಟಿವಿ ದಾಖಲೆ ಕೊಡುವಾಗ ಅದರ ‘ಹ್ಯಾಶ್’ ಸಂಖ್ಯೆಯನ್ನೂ ಬರೆಯಬೇಕು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ನಾವು ದಿನವೂ ಕೆಲಸದಲ್ಲಿ ಬಳಸುವ ಲೆಕ್ಕ ಇದು. ಮಹಜರಿಗೆ ಪಂಚರು ಸಹಿ ಹಾಕಿದಂತೆ ಎಂದುಕೊಳ್ಳಿ.

ಟೀಕೆಗಳೂ ಇವೆ. ಹಳೆಯ ಕಲಮುಗಳು ಬಹುಪಾಲು ಸಂಖ್ಯೆ ಬದಲಿಸಿಕೊಂಡು ಉಳಿದಿವೆ ಎನ್ನುವವರಿದ್ದಾರೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುನ್ನ 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದೆಂಬ ಅವಕಾಶ, ಸಂಜ್ಞೇಯ ಅಪರಾಧದ ದೂರಿಗೆ ಎಫ್‌ಐಆರ್ ಕಡ್ಡಾಯ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಸಡಿಲಿಸುತ್ತದೆ ಎಂಬ ಆತಂಕವಿದೆ. ಕಾನೂನು ಬದಲಾದರೂ ನ್ಯಾಯಾಧೀಶರು, ಅಭಿಯೋಜಕರು, ಪ್ರಯೋಗಾಲಯಗಳು ಸಾಕಷ್ಟಿಲ್ಲದಿದ್ದರೆ ಕೇಸು ಬೇಗ ಮುಗಿಯುವುದಿಲ್ಲ.

ಊರಿನವರಿಗೆ ಕೆಲವು ಮಾತು

ಈ ಚರಿತ್ರೆಯಿಂದ ಇವತ್ತಿಗೆ ಉಪಯೋಗವಾಗುವ ಕೆಲವನ್ನು ಹೇಳಿ ಮುಗಿಸುತ್ತೇನೆ. ಅಪರಾಧ ಎಲ್ಲೇ ನಡೆದಿರಲಿ, ಸಂಜ್ಞೇಯವಾಗಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ಇದು ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ; ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಅಲ್ಲಿ ಆದಾಯ ಕೇಳದೆ ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯದಾಗಿ, ನಮ್ಮ ಗುರುಗಳಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ ತಾಲ್ಲೂಕು ಕೋರ್ಟಿನ ಸಹಾಯಕ ಸರ್ಕಾರಿ ಅಭಿಯೋಜಕರನ್ನು ಹತ್ತನೇ ತರಗತಿಗೆ ಕರೆಸಿ. ಒಂದು ಎಫ್‌ಐಆರ್ ಹೇಗಿರುತ್ತದೆ, ಸಾಕ್ಷಿಯ ಕಟಕಟೆಯಲ್ಲಿ ನಿಂತವರಿಗೆ ಏನೇನು ರಕ್ಷಣೆ ಇದೆ ಎಂದು ಅವರು ಮಕ್ಕಳಿಗೆ ಹೇಳಲಿ. ಸಾಕ್ಷಿ ಹೇಳಲು ಹೆದರದ ನಾಲ್ಕು ಮಂದಿ ಒಂದು ಊರಿನಲ್ಲಿದ್ದರೆ, ಆ ಊರಿನ ಕೇಸು ಸರ್ಕಾರದ್ದೂ ಹೌದು, ನೊಂದವರದ್ದೂ ಹೌದು, ಊರಿನದ್ದೂ ಹೌದು.