ಹಾವಾಡಿಗನ ಬುಟ್ಟಿ ಹೆಣೆದವರು

ಚುಂಚನಕಟ್ಟೆಯ ದನಗಳ ಜಾತ್ರೆ, ಕಪ್ಪಡಿ ಜಾತ್ರೆ, ಬೆಟ್ಟದಪುರದ ತೇರು, ಹುಣಸೂರಿನ ಸಂತೆ: ನಮ್ಮ ಸೀಮೆಯಲ್ಲಿ ಜನ ಸೇರಿದ ಕಡೆಯೆಲ್ಲ ಒಂದು ಕಾಲಕ್ಕೆ ಹಾವಾಡಿಗರ ಪುಂಗಿ ಕೇಳುತ್ತಿತ್ತು. ಹೆಡೆ ಎತ್ತಿದ ನಾಗರವನ್ನು ಎಲ್ಲರೂ ನೋಡುತ್ತಿದ್ದರು; ಅದು ಎದ್ದುಬಂದ ಬುಟ್ಟಿಯನ್ನು ನೋಡುತ್ತಿದ್ದವರು ನಾವು. ಆ ಬುಟ್ಟಿ ನಮ್ಮ ಮನೆಯಲ್ಲಿ ಹೆಣೆದದ್ದು. ನಾವು ಮೇದರು, ಹನ್ನೆರಡನೇ ಶತಮಾನದ ಶರಣ ಕೇತಯ್ಯನ ಕಾಯಕದವರು.

ತಾತನಿಗೆ ಬಿದಿರು ಎಚ್.ಡಿ. ಕೋಟೆಯ ಕಾಕನಕೋಟೆ ಕಡೆಯಿಂದ ಬರುತ್ತಿತ್ತು. ಮೊರ, ಮಂಕರಿಗಳ ಹೆಣಿಗೆಯಲ್ಲಿ ಕೊಂಚ ಸಡಿಲವಿದ್ದರೂ ನಡೆಯುತ್ತದೆ. ಹಾವಿನ ಬುಟ್ಟಿಯಲ್ಲಿ ನಡೆಯದು, ತಲೆ ತೂರಿದ ಕಡೆ ಹಾವಿನ ಮೈಯೂ ತೂರುತ್ತದೆ. ಅದಕ್ಕೇ ತೆಳ್ಳಗೆ ಸೀಳಿದ ಸಿಬಿರು, ಎರಡು ಪದರದ ಹೆಣಿಗೆ. ಅಗಲ ಮುಕ್ಕಾಲು ಮೊಳ, ಎತ್ತರ ಗೇಣಿಗೂ ಕಡಿಮೆ. ಸುರುಳಿ ಸುತ್ತಿ ಮಲಗಲು ಜಾಗವುಂಟು, ಹೆಡೆ ಎತ್ತಲು ಇಲ್ಲ. ಮುಚ್ಚಳ ಬುಟ್ಟಿಯ ಅರ್ಧದವರೆಗೆ ಬಿಗಿಯಾಗಿ ಇಳಿಯಬೇಕು. ‘ಅಣ್ಣಯ್ಯಾ, ಮುಚ್ಚಳ ಸಡಿಲಾದ್ರೆ ನನ್ನ ಪ್ರಾಣ ಹೋಯ್ತದೆ’ ಎಂದು ಹಾವಾಡಿಗ ಜಗಲಿಯಲ್ಲೇ ಕೂತು ಮಾಡಿಸಿಕೊಂಡು ಹೋಗುತ್ತಿದ್ದ.

ಉಳಿದ ಕೆಲಸ ಅವನದು. ಅರೆದ ಮೆಂತ್ಯವನ್ನು ಸಗಣಿಗೆ ಕಲಸಿ ಒಳಗೂ ಹೊರಗೂ ಬಳಿದು ಬಿಸಿಲಿಗಿಡುತ್ತಿದ್ದ. ಸಂದಿಗಳು ಮುಚ್ಚಿ ಒಳಗೆ ಕತ್ತಲಾಗುತ್ತಿತ್ತು. ಕತ್ತಲಲ್ಲಿ ಹಾವು ಅಲುಗದೆ ಮಲಗುತ್ತದೆ. ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನೆಲುವಿನಲ್ಲಿ ಕಟ್ಟಿ, ಅಡ್ಡೆಗೆ ತೂಗಿಹಾಕಿ ಹೆಗಲಿಗೇರಿಸುತ್ತಿದ್ದ. ಈಗ ಹೊರದೇಶಗಳಲ್ಲಿ ಹಾವು ಸಾಕುವವರು ಮರದ ಕಪಾಟನ್ನು ತಾವೇ ಮಾಡಿಕೊಂಡು, ಪ್ಲಾಸ್ಟಿಕ್ ಡಬ್ಬಗಳನ್ನು ಅದರಲ್ಲಿ ಸಾಲಾಗಿ ಕೂರಿಸಿ, ಹಿಂದೆ ವಿದ್ಯುತ್ತಿನ ಬಿಸಿಪಟ್ಟಿ ಅಂಟಿಸುತ್ತಾರೆ. ಕಡಿಮೆ ಜಾಗದಲ್ಲಿ ಹೆಚ್ಚು ಹಾವು ಎಂಬ ಆ ಲೆಕ್ಕ ನಮ್ಮ ಹಾವಾಡಿಗನಿಗೆ ಮೊದಲೇ ಗೊತ್ತಿತ್ತು.

ತಾತನ ಹೆಣಿಗೆಯ ಬಗ್ಗೆ ನನಗೆ ಹೆಮ್ಮೆಯಿದೆ. ಒಳಗಿದ್ದ ಜೀವದ ಪಾಡನ್ನೂ ಹೇಳಲೇಬೇಕು. ವಿಷದ ಹಲ್ಲು ಕಿತ್ತ ಬಾಯಿ ಕೀವು ಕಟ್ಟುತ್ತಿತ್ತು. ಜನ ಎರೆಯುವ ಹಾಲು ಹಾವಿನ ಆಹಾರವಲ್ಲ. ನೀರಿಲ್ಲದೆ ಬಾಯಾರಿಸಿದ ಹಾವು ಸಿಕ್ಕಿದ್ದನ್ನು ಕುಡಿಯುತ್ತದೆ, ಅಷ್ಟೆ. ಅಂಥ ಹಾವುಗಳು ಬಹುಕಾಲ ಬದುಕುತ್ತಿರಲಿಲ್ಲ. ಹಾವು ಸತ್ತರೂ ಬುಟ್ಟಿ ಗಟ್ಟಿಯಾಗಿರುತ್ತಿತ್ತು, ಅದೇ ಬುಟ್ಟಿಗೆ ಹೊಸ ಹಾವು ಬರುತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸುವ ಕಸುಬು ಕ್ರಮೇಣ ಅಪರಾಧವಾಯಿತು. 1955ರಲ್ಲೇ ಅಭಯಾರಣ್ಯವಾಗಿದ್ದ ನಾಗರಹೊಳೆ ಮುಂದೆ ರಾಷ್ಟ್ರೀಯ ಉದ್ಯಾನವಾಯಿತು; ಕಾಡಿನ ಬಿದಿರು ನಮಗೂ ದೂರವಾಯಿತು. ಹಾವಿಗೆ ರಕ್ಷಣೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾವು ಬಲ್ಲ ಜನಕ್ಕೆ ಬೇರೆ ದಾರಿ ತೋರಿಸುವುದೂ ಆಗಬಹುದಿತ್ತು. ಮದರಾಸಿನ ಹತ್ತಿರ ಹಾವು ಹಿಡಿಯುವ ಇರುಳ ಬುಡಕಟ್ಟಿನವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಹಿಡಿದ ಹಾವನ್ನು ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಮಡಕೆ ತಂಪು, ಬಟ್ಟೆಯಲ್ಲಿ ಗಾಳಿಯಾಡುತ್ತದೆ. ಕೆಲವು ವಾರಗಳಲ್ಲಿ ನಾಲ್ಕು ಸಲ ವಿಷ ತೆಗೆದು ಹಾವನ್ನು ಕಾಡಿಗೆ ಬಿಡುತ್ತಾರೆ. ಹಾವು ಕಚ್ಚಿದವರಿಗೆ ಕೊಡುವ ಔಷಧ ತಯಾರಾಗುವುದು ಆ ವಿಷದಿಂದಲೇ.

ನಮ್ಮಲ್ಲಿ ಹಾವುಗಳೇನೂ ಕಡಿಮೆಯಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಸೌದೆ ರಾಶಿ, ಕೆ.ಆರ್. ನಗರದ ಭತ್ತದ ಬಯಲು, ಎಲ್ಲೆಡೆ ಇಲಿ, ಇಲಿಯ ಹಿಂದೆ ಹಾವು. ಈಗಿನ ಉರಗರಕ್ಷಕರ ಸಾಮಾನೂ ಮನೆಯಲ್ಲೇ ಮಾಡಿಕೊಂಡದ್ದು: ಪ್ಲಾಸ್ಟಿಕ್ ಪೈಪಿನ ತುಂಡು, ಅದರ ಹಿಂಬದಿಗೆ ಬಿಗಿದ ಬಟ್ಟೆಯ ಚೀಲ. ಬಿಲವೆಂದು ಹಾವು ಪೈಪಿಗೆ ತಾನೇ ನುಗ್ಗುತ್ತದೆ. ಕತ್ತು ಹಿಡಿಯಬೇಕಿಲ್ಲ, ಹಲ್ಲು ಮುಟ್ಟಬೇಕಿಲ್ಲ. ಮೈಸೂರಿನ ಸ್ನೇಕ್ ಶ್ಯಾಮ್ ಅಂಥವರು ದಶಕಗಳಿಂದ ಜನರ ಕೈಯ ಬಡಿಗೆ ಇಳಿಸಿ ಹಾವುಗಳನ್ನು ಉಳಿಸಿದ್ದಾರೆ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಮುಂದಿನ ಹೆಜ್ಜೆ ಹಳ್ಳಿಹಳ್ಳಿಗೂ ತರಬೇತಾದ ರಕ್ಷಕರನ್ನು ಕೊಡುವುದು. ಆ ಕೆಲಸಕ್ಕೆ ಹಾವಾಡಿಗರ ಮಕ್ಕಳನ್ನೇ ಮೊದಲು ಕರೆಯಬೇಕು, ತರಬೇತಿ ಕೊಟ್ಟು ಪರವಾನಗಿ ಕೊಡಬೇಕು. ಬುಟ್ಟಿ ಹೋದದ್ದು ಸರಿಯೇ. ಅದನ್ನು ಹೊತ್ತವರ ತಿಳಿವಳಿಕೆ ಹೋಗಬಾರದು.