ನೀಲಿ ಪರದೆಯ ಹಿಂದಿನ ಜಗಳ: ಬೋರ್ಲ್ಯಾಂಡ್ ವರ್ಸಸ್ ಮೈಕ್ರೋಸಾಫ್ಟ್

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ರಾತ್ರಿ ಲೈಟ್ ಆರಿಸಿ ಮಲಗಿ ಕೇಳ್ತಿದ್ದೀರೋ ಗೊತ್ತಿಲ್ಲ. ಒಂದು ಪ್ರಶ್ನೆ ಕೇಳಿ ಶುರು ಮಾಡ್ತೀನಿ. ಪಿಯುಸಿ ಕಂಪ್ಯೂಟರ್ ಲ್ಯಾಬ್‌ನ ಆ ನೀಲಿ ಪರದೆ ನೆನಪಿದೆಯಾ? ನೀಲಿ ಹಿನ್ನೆಲೆ, ಹಳದಿ ಅಕ್ಷರ, ಮೇಲೆ ಬೂದು ಬಣ್ಣದ ಮೆನು. ಕಂಟ್ರೋಲ್ ಎಫ್9 ಒತ್ತಿದ್ರೆ ಪ್ರೋಗ್ರಾಂ ಓಡುತ್ತೆ, ಆಲ್ಟ್ ಎಫ್5 ಒತ್ತಿದ್ರೆ ಉತ್ತರ ಕಾಣುತ್ತೆ. ಹೌದು, ಅದೇ ಟರ್ಬೋ ಸಿ ಪ್ಲಸ್ ಪ್ಲಸ್.

ನಾನು ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡವನು. ಬಿಕಾಂ ಮುಗಿಸಿ ಒಂದು ಚಿಕ್ಕ ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ರೆಸ್ಯೂಮೆಯಲ್ಲಿ ಸಿ ಪ್ಲಸ್ ಪ್ಲಸ್ ಬರುತ್ತೆ ಅಂತ ಬರೆದಿದ್ದೆ, ಒಂದು ಪ್ರೋಗ್ರಾಂ ಬರೀರಿ ಅಂದ್ರು. ಬಾಯಿಪಾಠ ಇದ್ದದ್ದನ್ನ ಟೈಪ್ ಮಾಡಿದೆ. ಮೊದಲ ಸಾಲಿಗೇ ಎರರ್. ಐಓಸ್ಟ್ರೀಮ್ ಡಾಟ್ ಎಚ್ ಅನ್ನೋ ಫೈಲೇ ಇಲ್ಲ ಅಂತು ಕಂಪ್ಯೂಟರ್. ಇಂಟಿಜರ್‌ಗೆ ಎಷ್ಟು ಬೈಟ್ ಅಂದ್ರು, ಎರಡು ಅಂದೆ. ಆ ಕಂಪ್ಯೂಟರ್‌ನಲ್ಲಿ ಅದು ನಾಲ್ಕು. ಎದುರಿಗೆ ಕೂತಿದ್ದವರು ನಕ್ಕು, "ಇದು ನೀವು ಹುಟ್ಟೋಕೂ ಮುಂಚಿನ ಕಾಲದ್ದು ಕಣ್ರೀ" ಅಂದ್ರು.

ಕೆಲಸ ಸಿಗಲಿಲ್ಲ, ಆದ್ರೆ ಒಂದು ಕುತೂಹಲ ಅಂಟಿಕೊಳ್ತು. ಈ ಟರ್ಬೋ ಮಾಡಿದ ಕಂಪನಿ ಎಲ್ಲಿ ಹೋಯ್ತು?

ಕಥೆ ಶುರುವಾಗೋದು 1983ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಫಿಲಿಪ್ ಕಾನ್ ಅನ್ನೋ ಫ್ರಾನ್ಸ್ ಮೂಲದ ವ್ಯಕ್ತಿ ಬೋರ್ಲ್ಯಾಂಡ್ ಕಂಪನಿ ಶುರು ಮಾಡ್ತಾರೆ. ಡೆನ್ಮಾರ್ಕ್‌ನ ಆಂಡರ್ಸ್ ಹೆಲ್ಸ್‌ಬರ್ಗ್ ಅನ್ನೋ ಹುಡುಗ ಬರೆದಿದ್ದ ಪ್ಯಾಸ್ಕಲ್ ಕಂಪೈಲರ್ ಅವರ ಕೈಗೆ ಬರುತ್ತೆ. ಕಂಪೈಲರ್ ಅಂದ್ರೆ, ನಾವು ಬರೆದ ಪ್ರೋಗ್ರಾಂನ ಕಂಪ್ಯೂಟರ್‌ಗೆ ಅರ್ಥ ಆಗೋ ಭಾಷೆಗೆ ಇಳಿಸೋ ಸಾಫ್ಟ್‌ವೇರ್. ಆ ಕಾಲದಲ್ಲಿ ಬರೆಯೋಕೆ ಒಂದು ಸಾಫ್ಟ್‌ವೇರ್, ಕಂಪೈಲ್ ಮಾಡೋಕೆ ಇನ್ನೊಂದು, ಜೋಡಿಸೋಕೆ ಮತ್ತೊಂದು. ಒಂದು ತಪ್ಪು ತಿದ್ದಬೇಕು ಅಂದ್ರೂ ಮತ್ತೆ ಮೊದಲಿಂದ. ಟರ್ಬೋ ಪ್ಯಾಸ್ಕಲ್ ಎಲ್ಲವನ್ನೂ ಒಂದೇ ಪರದೆ ಮೇಲೆ ತಂತು. ತಪ್ಪಾದ್ರೆ ಕರ್ಸರ್ ಸೀದಾ ಆ ಸಾಲಿಗೇ ಹೋಗಿ ನಿಲ್ಲೋದು.

ಬೆಲೆ ಎಷ್ಟು? 49.95 ಡಾಲರ್. ಮೈಕ್ರೋಸಾಫ್ಟ್‌ನ ಪ್ಯಾಸ್ಕಲ್‌ಗೆ ಆಗ ನೂರಾರು ಡಾಲರ್. ಲೈಸೆನ್ಸ್ ಷರತ್ತು ಇನ್ನೂ ಮಜವಾಗಿತ್ತು. ಇದನ್ನ ಒಂದು ಪುಸ್ತಕದ ಥರ ಬಳಸಿ, ಯಾರಿಗೆ ಬೇಕಾದ್ರೂ ಕೊಡಿ, ಆದ್ರೆ ಒಂದೇ ಪುಸ್ತಕವನ್ನ ಒಂದೇ ಹೊತ್ತಿಗೆ ಎರಡು ಜಾಗದಲ್ಲಿ ಓದೋಕೆ ಆಗಲ್ವಲ್ಲ, ಹಾಗೆ ಅಷ್ಟೇ.

ಮೊದಲ ಜಾಹೀರಾತಿನ ಬಗ್ಗೆ ಕಾನ್ ಅವರೇ ಹೇಳ್ಕೊಂಡಿರೋ ಕಥೆ ಇದೆ. ಬೈಟ್ ಪತ್ರಿಕೆಯಲ್ಲಿ ಜಾಹೀರಾತು ಕೊಡೋಕೆ ದುಡ್ಡಿರಲಿಲ್ಲ. ಜಾಹೀರಾತು ಮಾರೋನು ಬರೋ ದಿನ ಬಾಡಿಗೆಗೆ ಜನ ಕರೆಸಿ, ಫೋನ್ ಬಡ್ಕೊಳ್ಳೋ ಹಾಗೆ ಮಾಡಿ, ಆಫೀಸು ಗಿಜಿಗಿಜಿ ಅನ್ನೋ ಥರ ನಾಟಕ ಆಡಿದ್ರಂತೆ. ಅವನು ನಂಬಿ ಸಾಲಕ್ಕೇ ಜಾಗ ಕೊಟ್ಟ. ಆರ್ಡರ್ ಬಂದ ಮೇಲೆ ಸಾಲ ತೀರಿತು.

ಮುಂದೆ ಎರಡೂ ಕಡೆ ಪೈಪೋಟಿ. 1987ರಲ್ಲಿ ಬೋರ್ಲ್ಯಾಂಡ್ ಟರ್ಬೋ ಸಿ ತಂತು, ಅದೇ ವರ್ಷ ಮೈಕ್ರೋಸಾಫ್ಟ್ ಕ್ವಿಕ್ ಸಿ ತಂತು. ಟರ್ಬೋಗೆ ಕ್ವಿಕ್, ಹೆಸರಲ್ಲೂ ಜಿದ್ದು ನೋಡಿ. ಲಾಭ ಆಗಿದ್ದು ಪ್ರೋಗ್ರಾಂ ಬರೆಯೋರಿಗೆ. 1990ರಲ್ಲಿ ನಮ್ಮ ಟರ್ಬೋ ಸಿ ಪ್ಲಸ್ ಪ್ಲಸ್ ಬಂತು.

ಅದೇ 1990ರಲ್ಲಿ ವಿಂಡೋಸ್ 3.0 ಕೂಡ ಬಂತು. ಇಲ್ಲಿಂದ ಆಟ ಬದಲಾಯ್ತು. ಒಂದು ಕಾಂಪ್ಲೆಕ್ಸ್‌ನಲ್ಲಿ ನೀವು ಬಾಡಿಗೆಗೆ ಬೇಕರಿ ಇಟ್ಟಿದ್ದೀರಿ ಅಂತ ಇಟ್ಕೊಳ್ಳಿ. ವ್ಯಾಪಾರ ಜೋರಾಗಿದೆ. ಒಂದಿನ ಬಿಲ್ಡಿಂಗ್ ಓನರ್ರೇ ಪಕ್ಕದ ಮಳಿಗೆಯಲ್ಲಿ ಬೇಕರಿ ತೆಗೀತಾನೆ. ಅವನ ಬ್ರೆಡ್ಡು ನಿಮ್ಮದಕ್ಕಿಂತ ರುಚಿ ಇರಬೇಕು ಅಂತೇನಿಲ್ಲ. ಬಾಗಿಲು ಎಲ್ಲಿ ಬರುತ್ತೆ, ಮುಂದಿನ ವರ್ಷ ಯಾವ ಗೋಡೆ ಒಡೀತಾರೆ ಅನ್ನೋದು ಅವನಿಗೆ ಮೊದಲೇ ಗೊತ್ತಿರುತ್ತೆ. ವಿಂಡೋಸ್ ಮೈಕ್ರೋಸಾಫ್ಟ್‌ದು. 1991ರಲ್ಲಿ ಬಂದ ವಿಶುಯಲ್ ಬೇಸಿಕ್ ಕೂಡ ಅದರದ್ದೇ. ಬಟನ್ ಎಳೆದು ಪರದೆ ಮೇಲಿಟ್ಟು, ಒಂದೆರಡು ಸಾಲು ಬರೆದ್ರೆ ವಿಂಡೋಸ್ ಪ್ರೋಗ್ರಾಂ ರೆಡಿ.

ಆ ಹೊತ್ತಿಗೆ ಬೋರ್ಲ್ಯಾಂಡ್ ಬೇರೆ ಕಡೆ ಸಿಕ್ಕಿಹಾಕೊಂಡಿತ್ತು. 1991ರಲ್ಲಿ ಡಿಬೇಸ್ ಮಾಡ್ತಿದ್ದ ಆಶ್ಟನ್ ಟೇಟ್ ಕಂಪನಿಯನ್ನ ಸುಮಾರು 44 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡ್ಕೊಳ್ತು. ಅದರ ಕೈಲಿ ಪ್ಯಾರಡಾಕ್ಸ್ ಅನ್ನೋ ಡೇಟಾಬೇಸ್ ಆಗಲೇ ಇತ್ತು. ಜೊತೆಗೆ ಲೋಟಸ್ ಕಂಪನಿ ಹಾಕಿದ್ದ ಕೇಸು ವರ್ಷಗಟ್ಟಲೆ ನಡೆದು, 1996ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನಾಲ್ಕು ನಾಲ್ಕು ಸಮಬಲ ಆಗಿ, ಬೋರ್ಲ್ಯಾಂಡ್ ಪರ ಇದ್ದ ಕೆಳಗಿನ ಕೋರ್ಟ್ ತೀರ್ಪೇ ಉಳೀತು. ಕೇಸು ಗೆದ್ರು, ಆದ್ರೆ ಅಷ್ಟರಲ್ಲಿ ಆ ಜಗಳಕ್ಕೆ ಕಾರಣವಾಗಿದ್ದ ಸ್ಪ್ರೆಡ್‌ಶೀಟನ್ನೇ ಮಾರಿಬಿಟ್ಟಿದ್ರು!

ಆದ್ರೂ ಬೋರ್ಲ್ಯಾಂಡ್ ಎದ್ದು ನಿಂತಿತು. 1995ರ ಫೆಬ್ರುವರಿ 14ಕ್ಕೆ ಡೆಲ್ಫೈ ಬಂತು. ವಿಶುಯಲ್ ಬೇಸಿಕ್‌ನಷ್ಟೇ ಸುಲಭ, ಆದ್ರೆ ತಯಾರಾಗೋ ಪ್ರೋಗ್ರಾಂ ಅದಕ್ಕಿಂತ ಚುರುಕು. ಅದರ ಮುಖ್ಯ ಶಿಲ್ಪಿ ಅದೇ ಹೆಲ್ಸ್‌ಬರ್ಗ್.

ಮುಂದಿನ ವರ್ಷ, 1996ರ ಅಕ್ಟೋಬರ್‌ನಲ್ಲಿ, ಅವರೇ ಮೈಕ್ರೋಸಾಫ್ಟ್ ಸೇರಿಬಿಟ್ರು.

1997ರ ಮೇನಲ್ಲಿ ಬೋರ್ಲ್ಯಾಂಡ್ ಕೋರ್ಟಿಗೆ ಹೋಯ್ತು. 30 ತಿಂಗಳಲ್ಲಿ ನಮ್ಮ 34 ಜನರನ್ನ ಬೇಕಂತಲೇ ಸೆಳ್ಕೊಂಡಿದ್ದಾರೆ, ಹೆಲ್ಸ್‌ಬರ್ಗ್‌ಗೆ ಲಕ್ಷಾಂತರ ಡಾಲರ್ ಬೋನಸ್ ಕೊಟ್ಟಿದ್ದಾರೆ ಅನ್ನೋದು ಆರೋಪ. ಮೈಕ್ರೋಸಾಫ್ಟ್ ಒಪ್ಪಲಿಲ್ಲ. ಅದೇ ವರ್ಷ ರಾಜಿ ಆಯ್ತು.

ಕಾಮರ್ಸ್ ಓದಿದವನಾಗಿ ನನ್ನನ್ನ ಕಾಡೋ ಜಾಗ ಇದು. ಬ್ಯಾಲೆನ್ಸ್ ಶೀಟಲ್ಲಿ ಕಟ್ಟಡ ಬರೀತೀವಿ, ಮೆಷಿನ್ ಬರೀತೀವಿ, ಗುಡ್‌ವಿಲ್ ಕೂಡ ಬರೀತೀವಿ. ಸಂಜೆ ಆರಕ್ಕೆ ಬ್ಯಾಗ್ ಹಾಕ್ಕೊಂಡು ಮನೆಗೆ ಹೋಗೋ ಮನುಷ್ಯನನ್ನ ಬರೆಯೋಕೆ ಅಲ್ಲಿ ಕಾಲಮ್ಮೇ ಇಲ್ಲ. ಹಾಗಂತ ಅವರು ಹೋಗಿದ್ದು ತಪ್ಪು ಅಂತಲೂ ಹೇಳೋಕಾಗಲ್ಲ. ಕಷ್ಟದಲ್ಲಿರೋ ಕಂಪನಿ ಬಿಟ್ಟು ಒಳ್ಳೇ ಸಂಬಳಕ್ಕೆ ಹೋಗೋದನ್ನ ಬೆಂಗಳೂರಲ್ಲಿ ಕೂತು ತಪ್ಪು ಅಂದ್ರೆ ಯಾರು ಒಪ್ತಾರೆ ಹೇಳಿ!

ಮೈಕ್ರೋಸಾಫ್ಟ್‌ನಲ್ಲಿ ಹೆಲ್ಸ್‌ಬರ್ಗ್ ಮೊದಲು ಜಾವಾ ಕೆಲಸ ಮಾಡಿದ್ರು. ಜಾವಾದ ಒಡೆಯ ಸನ್ ಕಂಪನಿ 1997ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು. ನಮ್ಮ ಭಾಷೆಯನ್ನ ವಿಂಡೋಸ್‌ಗೆ ಮಾತ್ರ ಹೊಂದೋ ಹಾಗೆ ತಿರುಚ್ತಿದ್ದಾರೆ ಅನ್ನೋ ದೂರು. 2001ರಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ಮುಗಿಸ್ತು. ಅಷ್ಟರಲ್ಲಿ ಡಾಟ್‌ನೆಟ್, ಸಿ ಶಾರ್ಪ್ ಎರಡನ್ನೂ ಘೋಷಿಸಿಯಾಗಿತ್ತು. ಡೆಲ್ಫೈ ಗೊತ್ತಿದ್ದವರಿಗೆ ಸಿ ಶಾರ್ಪ್ ನೋಡಿದ್ರೆ ಪರಿಚಯದ ಮುಖ ಕಂಡ ಹಾಗೆ ಆಗುತ್ತೆ.

ಬೋರ್ಲ್ಯಾಂಡ್ 1998ರಲ್ಲಿ ಹೆಸರನ್ನ ಇನ್‌ಪ್ರೈಸ್ ಅಂತ ಬದಲಾಯಿಸಿ, 2001ರಲ್ಲಿ ಹಳೇ ಹೆಸರಿಗೇ ವಾಪಸ್ ಬಂತು. 2008ರಲ್ಲಿ ಡೆಲ್ಫೈ ಸೇರಿ ಡೆವಲಪರ್ ಸಾಫ್ಟ್‌ವೇರ್ ವಿಭಾಗವನ್ನ ಎಂಬಾರ್ಕಡೆರೋಗೆ ಮಾರಿತು. 2009ರಲ್ಲಿ ಉಳಿದ ಕಂಪನಿಯೂ ಮೈಕ್ರೋ ಫೋಕಸ್ ಪಾಲಾಯ್ತು. ಗೆದ್ದವರ ಕಡೆ ನಿಂತೋರೆಲ್ಲ ಬಚಾವಾದ್ರಾ? ಅದೂ ಇಲ್ಲ. 2002ರಲ್ಲಿ ಡಾಟ್‌ನೆಟ್ ಬಂದಾಗ ಹಳೇ ವಿಶುಯಲ್ ಬೇಸಿಕ್‌ನಲ್ಲಿ ಬರೆದದ್ದು ಹೊಸದರಲ್ಲಿ ಹಾಗೇ ಓಡ್ತಿರಲಿಲ್ಲ. ವರ್ಷಗಟ್ಟಲೆ ಕೂತು ಬರೆದೋರು ಮತ್ತೆ ಬರೀಬೇಕಾಯ್ತು.

ಮತ್ತೆ ನಮ್ಮ ಲ್ಯಾಬ್? ಟರ್ಬೋ ಚಿಕ್ಕದು, ಎಂಥಾ ಹಳೇ ಕಂಪ್ಯೂಟರ್‌ನಲ್ಲೂ ಓಡೋದು. ಪಠ್ಯಪುಸ್ತಕ, ಲ್ಯಾಬ್ ರೆಕಾರ್ಡ್, ಪ್ರಾಕ್ಟಿಕಲ್ ಮಾರ್ಕ್ಸ್ ಎಲ್ಲಾ ಅದರ ಸುತ್ತ ಹೆಣ್ಕೊಂಡಿತ್ತು. ಕಂಪನಿ ಮುಳುಗಿದ ಮೇಲೂ ಅದರ ಸಾಮಾನು ನಮ್ಮ ಊರುಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡ್ತಾ ಇತ್ತು. ಹೊಸ ವಿಂಡೋಸ್ ಅದನ್ನ ಓಡಿಸಲ್ಲ ಅಂದಾಗ ಡಾಸ್‌ಬಾಕ್ಸ್ ಹಾಕಿ ಓಡಿಸಿದ್ವಿ.

ಇವತ್ತು ವಿಎಸ್ ಕೋಡ್ ಪುಕ್ಕಟೆ. ಟೈಪ್‌ಸ್ಕ್ರಿಪ್ಟ್ ಪುಕ್ಕಟೆ, ಅದನ್ನ ರೂಪಿಸಿದ್ದೂ ಹೆಲ್ಸ್‌ಬರ್ಗೇ. ಗಿಟ್‌ಹಬ್‌ನ 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡ್ಕೊಳ್ತು. 49.95 ಡಾಲರ್‌ನಿಂದ ಸೊನ್ನೆಗೆ ಬಂದಿದ್ದೀವಿ, ಖುಷಿ ಪಡೋಣ. ಆದ್ರೆ ಬಿಲ್ಡಿಂಗ್ ಯಾರದ್ದು ಅನ್ನೋದು ನೆನಪಿರಲಿ.

ಆ ಇಂಟರ್‌ವ್ಯೂ ಪ್ರೋಗ್ರಾಂನ ಮೊನ್ನೆ ಮತ್ತೆ ಬರೆದು ನೋಡಿದೆ. ಮೇಲಿನ ಎರಡು ಸಾಲು ತಿದ್ದಿದೆ, ಕ್ಲಿಯರ್ ಸ್ಕ್ರೀನ್ ಸಾಲು ಕಿತ್ತೆ, ವಾಯ್ಡ್ ಮೇನ್ ಇದ್ದಿದ್ದನ್ನ ಇಂಟ್ ಮೇನ್ ಮಾಡಿದೆ. ಓಡ್ತು. ನಡುವಿನ ಲೂಪಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಂಪ್ಯೂಟರ್ ಲೆಕ್ಚರರ್ ಬಯ್ದು ಬಯ್ದು ಕಲಿಸಿದ ಲೂಪು ಅದು.

ನಿಮ್ಮ ಲ್ಯಾಬ್‌ನಲ್ಲಿ ಏನಿತ್ತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಸಿಗೋಣ.